ಮಲೆನಾಡಿನ ಊರಲ್ಲೊಂದು ಕಲಾಕೇಂದ್ರ: ಕ್ಯುರೇಟರ್ ಕೆಲಸ ನಡೆಸುವ ಬಗೆ

ದೊಡ್ಡ ನಗರದ ಗ್ಯಾಲರಿಯಲ್ಲಿ ಕ್ಯುರೇಟರ್ ಅಂದರೆ ಕೃತಿ ಆರಿಸುವವರು. ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿಯಂಥ ಕಡೆ ಊರವರಿಗಾಗಿಯೇ ನಡೆಯುವ ಸಮಕಾಲೀನ ಕಲಾಕೇಂದ್ರದಲ್ಲಿ ಆರಿಸುವ ಕೆಲಸ ತೀರಾ ಆಮೇಲಿನದು. ಅದಕ್ಕೂ ಮುಂಚೆ ಮಳೆ, ಅಡಿಕೆಯ ಕೊನೆಕೊಯ್ಲು, ಕೊನೇ ಬಸ್ಸು, ವಸ್ತು ಕೊಡುವ ಮನೆ ಇಷ್ಟರ ಜೊತೆಗೂ ಒಪ್ಪಂದ ಆಗಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಎಷ್ಟೇ ಒಳ್ಳೆಯ ಪ್ರದರ್ಶನ ಖಾಲಿ ಹೊಡೆಯುತ್ತದೆ, ಇಲ್ಲವೇ ಬೂಸ್ಟು ಹಿಡಿಯುತ್ತದೆ. ಸುಮಾರು 800 ಚದರಡಿಯ ಒಂದು ಹಾಲ್, ಒಂದು ಉಗ್ರಾಣ, ಮೂರು-ನಾಲ್ಕು ಜನ ಸಿಬ್ಬಂದಿ ಇರುವ ಕೇಂದ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿನ ಲೆಕ್ಕಗಳನ್ನು ಕೊಟ್ಟಿದೆ.

ಮೊದಲು ಕ್ಯಾಲೆಂಡರ್

ವರ್ಷದ ಯೋಜನೆಗೆ ಕೂರುವಾಗ ಗೋಡೆಗೆ ದೊಡ್ಡ ಹಾಳೆ ಅಂಟಿಸಿ, ಅದರಲ್ಲಿ ಊರಿನ ಕೆಲಸಗಳನ್ನು ಮೊದಲು ಬರೆಯಿರಿ. ಜೂನ್‌ನಿಂದ ಸೆಪ್ಟೆಂಬರ್ ಮಳೆ. ಅದರಲ್ಲೂ ಜುಲೈಯಲ್ಲಿ ನಟ್ಟಿ, ಜೊತೆಗೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಗಡಿಬಿಡಿ. ಅಕ್ಟೋಬರ್ ಆಸುಪಾಸಿನಲ್ಲಿ ನವರಾತ್ರಿ, ಭೂಮಿ ಹುಣ್ಣಿಮೆ, ಹಿಂದೆಯೇ ದೀಪಾವಳಿ. ನವೆಂಬರ್‌ನಿಂದ ಜನವರಿವರೆಗೆ ಗದ್ದೆ ಕೊಯ್ಲು, ಅಡಿಕೆ ಕೊಯ್ಲು, ರಾತ್ರಿ ಹತ್ತರವರೆಗೂ ಸುಲಿತ. ದೀಪಾವಳಿ ಕಳೆದ ಮೇಲೆ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ. ಊರಲ್ಲಿ ಆಟ ಇದ್ದ ರಾತ್ರಿ ನಿಮ್ಮ ಕಾರ್ಯಕ್ರಮಕ್ಕೆ ಯಾರೂ ಬರುವುದಿಲ್ಲ, ಬರಬೇಕೆಂದು ನಿರೀಕ್ಷಿಸುವುದೂ ಸರಿಯಲ್ಲ. ಫೆಬ್ರವರಿಯಿಂದ ಜಾತ್ರೆ, ಮದುವೆ. ಮಾರ್ಚ್‌ನಲ್ಲಿ ಪರೀಕ್ಷೆ, ಶಾಲೆಗಳು ಮಕ್ಕಳನ್ನು ಕಳಿಸುವುದಿಲ್ಲ.

ಇಷ್ಟು ಬರೆದ ಮೇಲೆ ಉಳಿಯುವ ಜಾಗ ಬಹಳ ಕಡಿಮೆ. ದೊಡ್ಡ ಪ್ರದರ್ಶನಕ್ಕೆ ಜನವರಿ ಕೊನೆಯ ವಾರದಿಂದ ಫೆಬ್ರವರಿ ಮುಗಿಯುವವರೆಗಿನ ಅವಧಿಯೇ ಎಲ್ಲಕ್ಕಿಂತ ಒಳ್ಳೆಯದು: ಗಾಳಿ ಒಣಗಿರುತ್ತದೆ, ಕೊಯ್ಲು ಇಳಿದಿರುತ್ತದೆ, ಕೈಯಲ್ಲಿ ಸ್ವಲ್ಪ ದುಡ್ಡು ಓಡಾಡುತ್ತಿರುತ್ತದೆ. ಎರಡನೆಯದು ಬೇಕಿದ್ದರೆ ಅಕ್ಟೋಬರ್. ಮಳೆಗಾಲದಲ್ಲಿ ಹೊಸ ಪ್ರದರ್ಶನ ತೆರೆಯಬೇಡಿ. ಸಂದರ್ಶನ, ದಾಖಲಾತಿ, ಸಣ್ಣ ಕಮ್ಮಟ, ಮುಂದಿನ ವರ್ಷದ ಸಿದ್ಧತೆ ಇವಕ್ಕೆ ಅದು ಹೇಳಿ ಮಾಡಿಸಿದ ಕಾಲ. ವರ್ಷಕ್ಕೆ ಎರಡು ದೊಡ್ಡದು, ಎರಡು ಸಣ್ಣದು ಸಾಕು. ಆರು ಪ್ರದರ್ಶನ ಅಂತ ಅರ್ಜಿಯಲ್ಲಿ ಬರೆದುಕೊಂಡ ಕೇಂದ್ರಗಳಲ್ಲಿ ಸಿಬ್ಬಂದಿ ಇಡೀ ವರ್ಷ ಮೊಳೆ ಹೊಡೆಯುವುದರಲ್ಲೇ ಕಳೆಯುತ್ತಾರೆ.

ಸುಲಿತದ ದಿನಗಳಲ್ಲಿ ಜನ ಕೇಂದ್ರಕ್ಕೆ ಬಾರದಿದ್ದರೆ ಕೇಂದ್ರ ಸುಲಿತದ ಚಪ್ಪರಕ್ಕೆ ಹೋಗಬಹುದು. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮೇಲೆ ಕಣ್ಣು, ಕೈ ಎರಡೂ ಇರುವವರಿಗೆ ಕಿವಿ ಮಾತ್ರ ಖಾಲಿ. ಆದ್ದರಿಂದ ಅಲ್ಲಿಗೆ ಚಿತ್ರ ಒಯ್ಯಬೇಡಿ, 20 ನಿಮಿಷದ ಧ್ವನಿ ಕೃತಿ ಒಯ್ಯಿರಿ. ಮನೆಯ ಯಜಮಾನರನ್ನಷ್ಟೇ ಅಲ್ಲ, ಸುಲಿಯುವ ಹೆಂಗಸರನ್ನೂ ಮುಂಚೆಯೇ ಕೇಳಿ. ಸುಲಿತಕ್ಕೆ ಕೂಲಿ ಅಳತೆಯ ಲೆಕ್ಕದಲ್ಲಿ. ನಿಮ್ಮಿಂದ ಕೆಲಸ ನಿಂತರೆ ನಷ್ಟ ಅವರಿಗೆ.

ಉದ್ಘಾಟನೆಯ ಹೊತ್ತೂ ಅಷ್ಟೇ ಮುಖ್ಯ. ನಗರದ ರೂಢಿಯಂತೆ ಸಂಜೆ ಆರಕ್ಕೆ ಇಟ್ಟರೆ ಹೋಬಳಿಯ ಹಳ್ಳಿಗಳಿಗೆ ಹೋಗುವ ಕೊನೇ ಬಸ್ಸು ತಪ್ಪುತ್ತದೆ. ಸಂತೆಯ ದಿನ ಬೆಳಿಗ್ಗೆ ಹನ್ನೊಂದು ಒಳ್ಳೆಯದು. ಹೇಗೂ ಪೇಟೆಗೆ ಬಂದವರು ಚೀಲ ಸಮೇತ ಬರುತ್ತಾರೆ. ಚೀಲ ಇಡಲು ಬಾಗಿಲ ಬಳಿ ಒಂದು ಬೆಂಚು ಹಾಕಿ.

ಯಾರು ತೀರ್ಮಾನಿಸುವುದು

ಕಾರ್ಯಕ್ರಮ ಸಮಿತಿಯಲ್ಲಿ ಏಳರಿಂದ ಒಂಬತ್ತು ಜನ ಇರಲಿ, ಅರ್ಧಕ್ಕಿಂತ ಹೆಚ್ಚಿನವರು ಕಲಾವಿದರಲ್ಲದವರು. ಹೈಸ್ಕೂಲ್ ಮೇಷ್ಟ್ರು, ಆಶಾ ಕಾರ್ಯಕರ್ತೆ, ಸ್ವಸಹಾಯ ಸಂಘದವರೊಬ್ಬರು, ಬಡಗಿ, ಯಕ್ಷಗಾನದ ಭಾಗವತರು, ಬಸ್ ನಿಲ್ದಾಣದ ಹತ್ತಿರದ ಅಂಗಡಿಯವರು ಹೀಗೆ. ಅವಧಿ ಎರಡು ವರ್ಷ; ಪ್ರತಿ ವರ್ಷ ಕೆಲವರು ಇಳಿದು ಹೊಸಬರು ಬರಲಿ. ಸಭೆಗೆ ಬಂದವರಿಗೆ ಒಂದು ದಿನದ ಕೂಲಿಯಷ್ಟು ಭತ್ಯೆ ಕೊಡಿ. ಕೊಡದಿದ್ದರೆ ಆರು ತಿಂಗಳಲ್ಲಿ ಸಮಿತಿಯಲ್ಲಿ ಉಳಿಯುವವರು ಸಂಬಳದವರು ಮತ್ತು ತೋಟದವರು ಮಾತ್ರ. ಒಂದೇ ಜಾತಿಯ, ಒಂದೇ ಕೇರಿಯ ಸಮಿತಿ ಆಗುವುದು ಹೆಚ್ಚಾಗಿ ಹೀಗೆಯೇ, ಯಾರೂ ಬೇಕೆಂದು ಮಾಡಿದ್ದಲ್ಲ.

ಸಮಿತಿಗೆ ನಿಜವಾದ ಅಧಿಕಾರ ಇರಬೇಕು. ವರ್ಷದ ನಾಲ್ಕು ಪ್ರದರ್ಶನಗಳಲ್ಲಿ ಎರಡರ ವಿಷಯ ಅವರದ್ದೇ ತೀರ್ಮಾನ, ಕ್ಯುರೇಟರ್ ಅದನ್ನು ಮಾಡಿ ತೋರಿಸುವವರು ಎಂದು ಬರೆದಿಡಿ. ಕಾನೂನು ಮತ್ತು ಸುರಕ್ಷತೆಯ ಪ್ರಶ್ನೆ ಬಂದಾಗ ಮಾತ್ರ ಕ್ಯುರೇಟರ್ ಬೇಡ ಎನ್ನಬಹುದು. ಸಮಿತಿಯವರ, ಅವರ ಹತ್ತಿರದ ನೆಂಟರ ಕೃತಿ ಆ ಅವಧಿಯಲ್ಲಿ ಪ್ರದರ್ಶನಕ್ಕಿಲ್ಲ ಎಂಬ ನಿಯಮವನ್ನು ಮೊದಲ ಸಭೆಯಲ್ಲೇ ಮಾಡಿ. ಹೆಸರುಗಳು ಬಂದ ಮೇಲೆ ಆ ನಿಯಮ ಮಾಡಲು ಹೋದರೆ ಜಗಳ ಖಂಡಿತ.

ಈ ಸೀಮೆಯ ಪ್ರೇಕ್ಷಕರು ಹೊಸಬರಲ್ಲ ಎಂಬುದೂ ನೆನಪಿರಲಿ. ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ ನೀನಾಸಂ ರಂಗಸಂಸ್ಥೆ ಶುರುವಾದದ್ದು 1949ರಲ್ಲಿ, ಅದರ ಸಂಚಾರಿ ತಂಡ ‘ತಿರುಗಾಟ’ 1985ರಿಂದ ನಾಟಕಗಳನ್ನು ಊರೂರಿಗೆ ಒಯ್ದಿದೆ. ನಾಟಕ ಮುಗಿದ ಮೇಲೆ ಕೂತು ವಾದ ಮಾಡುವ ಅಭ್ಯಾಸ ಇರುವ ಜನರ ಮುಂದೆ ಕಲೆಯನ್ನು ತೀರಾ ಸರಳ ಮಾಡಿ ಹೇಳಲು ಹೋದರೆ ಅವಮಾನ ಮಾಡಿದ ಹಾಗಾಗುತ್ತದೆ. ಕಷ್ಟದ ಕೃತಿ ಇಡಿ. ಎದುರಿಗೆ ಕೂರಲು ಬೆಂಚು ಇಡಿ.

ದುಡ್ಡು

ನಾಲ್ಕು ಲಕ್ಷದ ಒಂದು ಪ್ರದರ್ಶನವಾದರೆ ಹೀಗೆ ಹಂಚಬಹುದು: ಕಲಾವಿದರ ಸಂಭಾವನೆ 1,20,000, ಕೃತಿ ತಯಾರಿಯ ಸಾಮಗ್ರಿ, ಕೂಲಿ 92,000, ಪ್ಯಾಕಿಂಗ್, ಸಾಗಣೆ 48,000, ಜೋಡಣೆ 28,000, ಲೇಬಲ್, ಮುದ್ರಣ 28,000, ಕಮ್ಮಟ, ಶಾಲಾ ಭೇಟಿ, ಮಾತುಕತೆ 40,000, ಛಾಯಾಗ್ರಹಣ, ದಾಖಲಾತಿ 16,000, ಕೈಮೀರಿದ ಖರ್ಚಿಗೆ 28,000. ಮೊದಲ ಎರಡು ಬಾಬ್ತುಗಳನ್ನು ಯಾವ ಕಾರಣಕ್ಕೂ ಸೇರಿಸಬೇಡಿ. ಸೇರಿಸಿದರೆ ಕಲಾವಿದರು ತಮ್ಮ ಸಂಭಾವನೆಯಿಂದಲೇ ಪ್ಲೈವುಡ್ ಕೊಳ್ಳುವಂತಾಗುತ್ತದೆ. ಅರ್ಧ ಹಣ ಒಪ್ಪಂದದ ದಿನ, ಉಳಿದರ್ಧ ಕೃತಿ ಮನೆ ಸೇರಿದ ದಿನ. ಇನ್‌ಸ್ಟಲೇಶನ್ (ಜಾಗವನ್ನೇ ಬಳಸಿ ಕಟ್ಟುವ ಕೃತಿ) ಮಾಡುವವರಿಗೂ ಗೋಡೆಗೆ ಹಸೆ ಚಿತ್ತಾರ ಬರೆಯುವ ಅಮ್ಮನಿಗೂ ದಿನದ ದರ ಒಂದೇ ಇರಲಿ. ಲೆಕ್ಕದ ಪುಸ್ತಕದಲ್ಲಿ ಒಬ್ಬರು ‘ಕಲಾವಿದರು’, ಇನ್ನೊಬ್ಬರು ‘ಕೂಲಿ’ ಆಗಬಾರದು.

ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ನಿಧಿ ಕೇಳುವುದಾದರೆ 2013ರ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಕಲೆ, ಸಂಸ್ಕೃತಿ, ಸಾಂಪ್ರದಾಯಿಕ ಕರಕುಶಲದ ಹೆಸರು ಇದೆ. ಅರ್ಜಿಯಲ್ಲಿ ಅದನ್ನೇ ಉಲ್ಲೇಖಿಸಿ. ಟ್ರಸ್ಟಿನ ಸಿಎಸ್‌ಆರ್-1 ನೋಂದಣಿ, ಆದಾಯ ತೆರಿಗೆ ವಿನಾಯಿತಿಯ ನೋಂದಣಿಗಳು (1961ರ ಕಾಯ್ದೆಯ 12ಎ, 80ಜಿ) ಮೊದಲೇ ಆಗಿರಬೇಕು.

ಕೇಳುವುದು, ಬರೆದುಕೊಳ್ಳುವುದು

ಒಡಂಬಡಿಕೆ ಎರಡು ಪುಟ ಮೀರದಿರಲಿ, ಕನ್ನಡದಲ್ಲಿರಲಿ. ಸಹಿಗೆ ಮುಂಚೆ ಮನೆಯವರೆಲ್ಲ ಕೂತಿರುವಾಗ ಜೋರಾಗಿ ಓದಿ. ಅದರಲ್ಲಿ ಇರಬೇಕಾದ್ದು: ಹಣ ಎಷ್ಟು, ಯಾವಾಗ, ವಸ್ತು ಯಾವ ದಿನ ಹೋಗಿ ಯಾವ ದಿನ ವಾಪಸು, ಒಡೆದರೆ ಹೊಣೆ ಯಾರದು, ಎಷ್ಟು, ಫೋಟೊ ಯಾರು ತೆಗೆಯಬಹುದು, ಎಲ್ಲಿ ಹಾಕಬಹುದು, ಮಾರಾಟವಾದರೆ ಕೇಂದ್ರದ ಪಾಲೆಷ್ಟು. 1957ರ ಹಕ್ಕುಸ್ವಾಮ್ಯ ಕಾಯ್ದೆಯ 57ನೇ ಕಲಮಿನ ಪ್ರಕಾರ ಕೃತಿ ಮಾರಿದ ಮೇಲೂ ಅದು ತನ್ನದೆಂದು ಹೇಳಿಕೊಳ್ಳುವ ಹಕ್ಕು ಕಲಾವಿದರಿಗೆ ಉಳಿಯುತ್ತದೆ. ಹಕ್ಕುಸ್ವಾಮ್ಯದ ಅವಧಿ ಕಲಾವಿದರ ಜೀವಮಾನ ಮತ್ತು ಆಮೇಲಿನ 60 ವರ್ಷ.

ತಲೆಮಾರುಗಳಿಂದ ಬಂದ ವಿನ್ಯಾಸಕ್ಕೆ ಮಾತ್ರ ಆ ಕಾಯ್ದೆಯ ಆಸರೆ ಸಿಗುವುದು ಕಷ್ಟ. ಮಲೆನಾಡಿನ ದೀವರ ಸಮುದಾಯದ ಹೆಣ್ಣುಮಕ್ಕಳ ಹಸೆ ಚಿತ್ತಾರದ ತೇರು, ಬಾಸಿಂಗಗಳನ್ನು ಯಾರೋ ಟೀ ಶರ್ಟಿನ ಮೇಲೆ ಅಚ್ಚು ಹಾಕಿದರೆ ಕೋರ್ಟಿಗೆ ಹೋಗಿ ಗೆಲ್ಲುತ್ತೇವೆ ಎನ್ನುವಂತಿಲ್ಲ. ಹಾಗಾಗಿ ಕೇಂದ್ರವೇ ತನ್ನ ನಿಯಮ ಮಾಡಿಕೊಳ್ಳಬೇಕು: ‘ಜನಪದ ಕಲಾವಿದೆ’ ಎಂದು ಬರೆಯದೆ ಹೆಸರು, ಊರು, ಯಾರಿಂದ ಕಲಿತರು ಎಂಬುದನ್ನು ಬರೆಯುವುದು, ಚೀಲ, ಕಾರ್ಡು, ಕ್ಯಾಲೆಂಡರ್ ಮಾಡಿದರೆ ಮಾರಾಟದ ಇಂತಿಷ್ಟು ಪಾಲು ಬರೆದವರಿಗೆ ಕೊಡುವುದು, ಹೊರಗಿನ ಕಲಾವಿದರು ಆ ವಿನ್ಯಾಸ ಬಳಸಬೇಕಾದರೆ ಬರೆಯುವವರನ್ನೇ ಹೋಗಿ ಕೇಳುವುದು.

ಚೌಡಿ ಬನದ ಕಲ್ಲು, ಭೂತಪ್ಪನ ಗುಡಿಯ ಮರದ ಮೂರ್ತಿ ಇಂಥವಕ್ಕೆ ಒಬ್ಬರ ಒಪ್ಪಿಗೆ ಸಾಲದು. ಮನೆಯವರು ಹೂಂ ಎಂದರೂ ಊರು ಕೂತು ಹೂಂ ಎನ್ನಬೇಕು, ಫೋಟೊಕ್ಕೂ ಇದೇ ನಿಯಮ. ಅನುಮಾನ ಇದ್ದರೆ ಬಿಟ್ಟುಬಿಡಿ. ಯಾರಾದರೂ ಅಟ್ಟದಿಂದ ಓಲೆಗರಿ ಕಟ್ಟು ತಂದುಕೊಟ್ಟರೆ ಕೇಂದ್ರದಲ್ಲಿ ಇಟ್ಟುಕೊಳ್ಳುವ ಆಸೆ ಬೇಡ. 1972ರ ಪುರಾವಸ್ತು ಕಾಯ್ದೆಗೆ 100 ವರ್ಷ ಮೀರಿದ ಶಿಲ್ಪ, ಚಿತ್ರ, ಕರಕುಶಲ ವಸ್ತು ಸೇರುತ್ತವೆ, ಮಹತ್ವದ ಹಸ್ತಪ್ರತಿಯಾದರೆ 75 ವರ್ಷ. ಕೆಳದಿಯ ವಸ್ತುಸಂಗ್ರಹಾಲಯ ಅಥವಾ ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ಸರ್ಕಾರಿ ವಸ್ತುಸಂಗ್ರಹಾಲಯದವರ ಹತ್ತಿರ ಕೇಳುವುದೇ ದಾರಿ.

ಮುಳುಗಡೆ, ಗೇಣಿ: ಊರು ಇನ್ನೂ ಮರೆಯದ ವಿಷಯ

ಶಿವಮೊಗ್ಗ ಜಿಲ್ಲೆಯ ಕಲಾಕೇಂದ್ರ ಇವತ್ತಲ್ಲ ನಾಳೆ ಶರಾವತಿ ಮುಳುಗಡೆಯ ಬಗ್ಗೆ ಪ್ರದರ್ಶನ ಮಾಡಿಯೇ ಮಾಡುತ್ತದೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ, ಆದರೆ ಎತ್ತಂಗಡಿಯಾದ ಎಷ್ಟೋ ಕುಟುಂಬಗಳ ಭೂಮಿಯ ಹಕ್ಕಿನ ಪ್ರಶ್ನೆ ಇನ್ನೂ ಕಡತದಲ್ಲಿದೆ. ಅಂದರೆ ನೀವು ರೆಕಾರ್ಡ್ ಮಾಡುವ ಅಜ್ಜಿಯ ಮಾತು ಬರೀ ನೆನಪಲ್ಲ, ನಾಳೆ ಯಾರೋ ಅದನ್ನು ಪುರಾವೆಯಾಗಿಯೂ ಬಳಸಬಹುದು, ಅವರ ವಿರುದ್ಧವೇ ಬಳಸಬಹುದು. ಆದ್ದರಿಂದ ಅನುಮತಿಯನ್ನು ಮೂರು ಮೆಟ್ಟಿಲಲ್ಲಿ, ಬೇರೆ ಬೇರೆ ದಿನ ಕೇಳಿ: ರೆಕಾರ್ಡ್ ಮಾಡಿ ಇಟ್ಟುಕೊಳ್ಳಬಹುದೇ, ಹಾಲ್‌ನಲ್ಲಿ ಕೇಳಿಸಬಹುದೇ, ಅಂತರ್ಜಾಲಕ್ಕೆ ಹಾಕಬಹುದೇ. ಸಂಪಾದಿಸಿದ ಮೇಲೆ ಅವರಿಗೇ ಮತ್ತೆ ಕೇಳಿಸಿ. ಬೇಡ ಎಂದ ಭಾಗ ತೆಗೆಯಿರಿ. ಪಹಣಿ, ನೋಟೀಸು, ಪರಿಹಾರದ ಕಾಗದ ಗೋಡೆಗೆ ಹಾಕುವುದಾದರೆ ಸರ್ವೆ ನಂಬರ್, ಹೆಸರು, ಗಡಿ ವಿವರ ಮುಚ್ಚಿ. ಮೂಲ ಕಾಗದ ಮನೆಯಲ್ಲೇ ಇರಲಿ, ನೀವು ನಕಲು ಮಾತ್ರ ತನ್ನಿ.

ಗೇಣಿದಾರರು ಭೂಒಡೆಯರ ವಿರುದ್ಧ ನಡೆಸಿದ 1951ರ ಕಾಗೋಡು ಸತ್ಯಾಗ್ರಹದ ವಿಷಯದಲ್ಲಿ ಇನ್ನೊಂದು ಬಗೆಯ ಎಚ್ಚರ ಬೇಕು. ಗೇಣಿದಾರರ ಮನೆಯ ಮೊಮ್ಮಕ್ಕಳೂ ಒಡೆಯರ ಮನೆಯ ಮೊಮ್ಮಕ್ಕಳೂ ಒಂದೇ ದಿನ ನಿಮ್ಮ ಹಾಲ್‌ಗೆ ಬರುತ್ತಾರೆ. ಯಾರಿಗೂ ನೋವಾಗದ ನುಣುಪಿನ ಬರಹ ಬರೆಯಲು ಹೋಗಬೇಡಿ, ಅದು ಇಬ್ಬರಿಗೂ ಸುಳ್ಳಾಗಿ ಕಾಣುತ್ತದೆ. ಪ್ರತಿ ಹೇಳಿಕೆಯ ಕೆಳಗೆ ಇದನ್ನು ಯಾರು, ಯಾವಾಗ ಹೇಳಿದ್ದು ಎಂದು ಬರೆಯಿರಿ. ಹೆಸರು ಬೇಡ ಎಂದವರಿದ್ದರೆ ಅವರು ಆಗ ಯಾವ ಕಡೆ ನಿಂತು ಕಂಡವರು ಎಂಬುದಾದರೂ ಇರಲಿ. ಕೇಂದ್ರದ ಸ್ವಂತ ಮಾತನ್ನು ಬೇರೆ ಬಣ್ಣದ ಫಲಕದಲ್ಲಿ ಹಾಕಿ.

ತೇವ, ಬೆಳಕು, ಹುಳ

ಇಲ್ಲಿನ ಕ್ಯುರೇಟರ್‌ಗೆ ಇದು ಗೊತ್ತಿಲ್ಲದಿದ್ದರೆ ಉಳಿದದ್ದೆಲ್ಲ ಗೊತ್ತಿದ್ದೂ ಪ್ರಯೋಜನವಿಲ್ಲ. ಗಾಳಿಯ ತೇವ ಶೇ 65-70 ದಾಟಿ ಕೆಲವು ದಿನ ನಿಂತರೆ ಬೂಸ್ಟು ಏಳುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ತೇವ 90ರ ಮೇಲೇ ವಾರಗಟ್ಟಲೆ ಇರುತ್ತದೆ.

ತೇವ ಅಳೆಯುವ ಮೂರು ಹೈಗ್ರೋಮೀಟರ್ ಕೊಳ್ಳಿ: ಹಾಲ್‌ಗೆ ಒಂದು, ಉಗ್ರಾಣಕ್ಕೆ ಒಂದು, ಗಾಜಿನ ಪೆಟ್ಟಿಗೆಯೊಳಗೆ ಒಂದು. ಅಗ್ಗದ ಮೀಟರ್‌ಗಳು ಸುಳ್ಳು ಹೇಳುತ್ತವೆ, ಉಪ್ಪಿನ ಪರೀಕ್ಷೆ ಮಾಡಿಕೊಳ್ಳಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನಷ್ಟು ಹದಕ್ಕೆ ನೀರು ಚಿಮುಕಿಸಿ, ಮೀಟರ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡಿ. ಹನ್ನೆರಡು ಗಂಟೆ ಬಿಟ್ಟು ನೋಡಿದರೆ 75 ತೋರಿಸಬೇಕು. 80 ತೋರಿಸಿದರೆ ಆ ಮೀಟರ್‌ನ ಮೇಲೆ ‘5 ಕಳೆ’ ಎಂದು ಚೀಟಿ ಅಂಟಿಸಿ.

ತೇವ ಹೀರುವ ಯಂತ್ರ, ಅಂದರೆ ಡೀಹ್ಯುಮಿಡಿಫೈಯರ್, ಉಗ್ರಾಣಕ್ಕೆ ಮೊದಲು, ಹಾಲ್‌ಗೆ ಆಮೇಲೆ. ಬಾಗಿಲು, ಕಿಟಕಿ ಸಂದಿ ಮುಚ್ಚದೆ ಅದನ್ನು ಓಡಿಸಿದರೆ ಇಡೀ ಊರಿನ ತೇವ ಹೀರಲು ಹೊರಟಂತೆ. ಹೆಂಚಿನ ಮಾಡಾದರೆ ಕೆಳಗೆ ಸೀಲಿಂಗ್ ಬೇಕೇ ಬೇಕು. ಯಂತ್ರವನ್ನು 55-60ಕ್ಕೆ ಇಡಿ. ನೀರಿನ ಡಬ್ಬಿ ನಂಬಬೇಡಿ, ಪೈಪು ಹೊರಕ್ಕೆ ಬಿಡಿ, ಡಬ್ಬಿ ತುಂಬಿದ ಕೂಡಲೇ ಯಂತ್ರ ನಿಲ್ಲುತ್ತದೆ. ಕರೆಂಟ್ ಹೋಗಿ ಬಂದಾಗ ತಾನಾಗಿ ಶುರುವಾಗುವ ಮಾದರಿಯೇ ಬೇಕು, ಏಕೆಂದರೆ ಜುಲೈಯಲ್ಲಿ ಒಂದು ಮರ ಲೈನ್ ಮೇಲೆ ಬಿದ್ದರೆ ಎರಡು ದಿನ ಮೆಸ್ಕಾಂನವರೂ ಏನೂ ಮಾಡುವಂತಿಲ್ಲ. ಯಂತ್ರ ಕೊಳ್ಳಲು ಆಗದಿದ್ದರೆ ಫ್ಯಾನ್ ಹಾಕಿ ಗಾಳಿ ಆಡುತ್ತಿರುವಂತೆ ನೋಡಿಕೊಳ್ಳಿ. ತೇವ ಇಳಿಯುವುದಿಲ್ಲ, ಆದರೆ ನಿಂತ ಗಾಳಿಯಷ್ಟು ಬೇಗ ಬೂಸ್ಟು ಬರುವುದಿಲ್ಲ.

ಗಾಜಿನ ಪೆಟ್ಟಿಗೆಗೆ ತೇವ ಹೀರುವ ಸಿಲಿಕಾ ಜೆಲ್ ಹರಳಿನ ಲೆಕ್ಕ ಘನ ಮೀಟರಿಗೆ 20 ಕೆ.ಜಿ. 60×60×45 ಸೆಂ.ಮೀ. ಪೆಟ್ಟಿಗೆಯಾದರೆ ಸುಮಾರು 3.25 ಕೆ.ಜಿ. ಕಾಯಿಸಿ ಪೂರಾ ಒಣಗಿಸಿದ ಜೆಲ್ಲನ್ನು ನೇರ ಇಡಬೇಡಿ. ಗುಡಿಗಾರರ ಬೆಂಡಿನ ಬಾಸಿಂಗ, ಮರದ ಕೆತ್ತನೆ ಬಿರುಕು ಬಿಡುತ್ತವೆ. ಜನವರಿ-ಫೆಬ್ರವರಿಯಲ್ಲಿ ಮೀಟರ್ 50ರ ಆಸುಪಾಸು ತೋರಿಸುವ ದಿನಗಳಲ್ಲಿ ಜೆಲ್ಲನ್ನು ತಟ್ಟೆಗಳಲ್ಲಿ ತೆಳ್ಳಗೆ ಹರಡಿ, ಹಗಲು ತೆರೆದು ರಾತ್ರಿ ಮುಚ್ಚಿ, ಎರಡು ವಾರ ಬಿಟ್ಟು ಗಾಳಿಯಾಡದ ಡ್ರಮ್ಮಿಗೆ ತುಂಬಿದರೆ ಮಳೆಗಾಲಕ್ಕೆ ಸಿದ್ಧ.

ಗೋಡೆಗಳಲ್ಲಿ ಪಶ್ಚಿಮದ್ದು ಮತ್ತು ನೈಋತ್ಯದ ಮೂಲೆ ಇರಚಲಿಗೆ ಸಿಕ್ಕುವವು. ಅಲ್ಲಿ ಕಾಗದ, ಬಟ್ಟೆ ತೂಗುಹಾಕಬೇಡಿ. ಉಳಿದ ಕಡೆಯೂ ಫ್ರೇಮಿನ ಹಿಂದೆ ಕಾರ್ಕ್ ತುಂಡು ಕೊಟ್ಟು ಗೋಡೆಯಿಂದ ಎರಡು-ಮೂರು ಸೆಂ.ಮೀ. ದೂರ ನಿಲ್ಲಿಸಿ. ಉಗ್ರಾಣದ ಕೆಳ ಹಲಗೆ ನೆಲದಿಂದ 15 ಸೆಂ.ಮೀ. ಮೇಲಿರಲಿ. ಹೆಂಚು ಕೈಯಾಡಿಸುವ ಕೆಲಸ ಮೇ 15ರೊಳಗೆ ಮುಗಿಯಲಿ, ಆಮೇಲೆ ಊರಲ್ಲಿ ಆ ಕೆಲಸಕ್ಕೆ ಆಳು ಸಿಗುವುದಿಲ್ಲ.

ಹಸೆಯನ್ನು ಹಾಲ್‌ನಲ್ಲಿ ಬರೆಸುವಾಗ ಇದೆಲ್ಲ ಒಟ್ಟಿಗೆ ಎದುರಾಗುತ್ತದೆ. ಅಕ್ಕಿ ಹಿಟ್ಟಿನ ಬಿಳಿ ಬಣ್ಣ ಬೂಸ್ಟಿಗೂ ಬೆಳ್ಳಿಮೀನು ಹುಳಕ್ಕೂ ಊಟ. ಸಾಗಿಸಬಲ್ಲ ಫಲಕ ಬೇಕಿದ್ದರೆ 12 ಮಿ.ಮೀ. ಪ್ಲೈವುಡ್‌ಗೆ ಗೋಣಿ ಬಟ್ಟೆ ಅಂಟಿಸಿ, ಜರಡಿ ಹಿಡಿದ ಕೆಮ್ಮಣ್ಣಿಗೆ ಸ್ವಲ್ಪ ಅಂಟು ಬೆರೆಸಿ, ಎರಡು ಮಿ.ಮೀ.ಗಿಂತ ತೆಳ್ಳಗೆ ಎರಡು ಸಲ ಬಳಿಯಿರಿ, ನಡುವೆ ಎರಡು ದಿನ ಒಣಗಲಿ. ಬಿರುಕಿಗೆ ಕಾರಣ ಹೆಚ್ಚಾಗಿ ದಪ್ಪ ಬಳಿದದ್ದು, ಇಲ್ಲವೇ ಬಿಸಿಲಿಗಿಟ್ಟು ಒಣಗಿಸಿದ್ದು. ಪುಂಡಿ ನಾರಿನ ಕುಂಚ, ಬಣ್ಣ ಬರೆಯುವವರೇ ತರಲಿ; ನೀವು ಅಂಗಡಿ ಬ್ರಷ್ಷು, ಅಕ್ರಿಲಿಕ್ ಮುಂದಿಟ್ಟರೆ ಗೆರೆ ಬೇರೆಯೇ ಆಗುತ್ತದೆ. ಹಾಲ್‌ನ ಗೋಡೆಯ ಮೇಲೇ ಬರೆಸಿದರೆ ಮುಗಿದ ಮೇಲೆ ಏನು ಮಾಡುವುದು ಎಂಬುದನ್ನು ಬರೆಯುವ ಮುಂಚೆಯೇ ಅವರನ್ನು ಕೇಳಿ. ಸುಣ್ಣ ಬಳಿಯಿರಿ ಎಂದು ಅವರೇ ಹೇಳಬಹುದು.

ಬೂಸ್ಟು ಕಂಡರೆ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಒಳಕ್ಕೆ ಇಳಿಯುತ್ತದೆ. ಕೃತಿಯನ್ನು ಬೇರೆ ಮಾಡಿ ಒಣ ಕೋಣೆಯಲ್ಲಿ ಒಣಗಿಸಿ. ಬೂಸ್ಟು ಪೂರಾ ಒಣಗಿ ಪುಡಿಯಾದ ಮೇಲೆ ಎನ್-95 ಮುಖಗವಸು ಹಾಕಿಕೊಂಡು ಮೆತ್ತನೆ ಕುಂಚದಲ್ಲಿ ಹೊರಗಡೆ ಕೊಡವಿ. ಮರದ ವಸ್ತು, ಬುಟ್ಟಿ ಬಂದ ಕೂಡಲೇ ಎರಡು ವಾರ ಬೇರೆ ಕೋಣೆಯಲ್ಲಿ ಕಪ್ಪು ಕಾಗದದ ಮೇಲಿಡಿ. ಕೆಳಗೆ ಸಣ್ಣ ಹಿಟ್ಟು ಬಿದ್ದರೆ ಒಳಗೆ ಕೊರೆಹುಳ ಇದೆ. ಬಣ್ಣ ಬಳಿಯದ ಬುಟ್ಟಿ, ಬಟ್ಟೆಯನ್ನು ಪಾಲಿಥೀನ್‌ನಲ್ಲಿ ಬಿಗಿಯಾಗಿ ಸುತ್ತಿ ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಎರಡು ವಾರ ಇಟ್ಟು, ತೆಗೆದ ಮೇಲೆ ಒಂದು ದಿನ ಸುತ್ತಿದ ಹಾಗೇ ಬಿಡಿ. ಬಣ್ಣದ ಮರಕ್ಕೆ ಇದು ಬೇಡ, ಬಣ್ಣದ ಪದರ ಏಳುತ್ತದೆ.

ಬೆಳಕು: ಕಾಗದ, ಬಟ್ಟೆ, ನೈಸರ್ಗಿಕ ಬಣ್ಣಕ್ಕೆ 50 ಲಕ್ಸ್ (ಮೇಲೆ ಬೀಳುವ ಬೆಳಕಿನ ಅಳತೆ), ತೈಲಚಿತ್ರಕ್ಕೆ 200. ಸೂಕ್ಷ್ಮ ಕೃತಿಗೆ ವರ್ಷಕ್ಕೆ 1,50,000 ಲಕ್ಸ್-ಗಂಟೆ ಮಿತಿ ಎಂದುಕೊಂಡರೆ, ಕಿಟಕಿ ಪಕ್ಕದ 500 ಲಕ್ಸ್‌ನಲ್ಲಿ ಅದು 300 ಗಂಟೆಗೆ, ಅಂದರೆ ದಿನಕ್ಕೆ ಎಂಟು ಗಂಟೆಯಂತೆ 38 ದಿನಕ್ಕೇ ಮುಗಿಯುತ್ತದೆ. ಮೊಬೈಲಿನ ಲಕ್ಸ್ ಆ್ಯಪ್ ಅಂದಾಜಿಗೆ ಮಾತ್ರ.

ತೂಗುಹಾಕುವುದು, ಬರೆಯುವುದು, ತೆರೆಯುವುದು

ಕೃತಿಯ ನಡು ನೆಲದಿಂದ 145 ಸೆಂ.ಮೀ. ಮಕ್ಕಳೇ ಹೆಚ್ಚು ಬರುವ ಪ್ರದರ್ಶನವಾದರೆ 125. ಲೇಬಲ್ 80 ಪದ ಮೀರದಿರಲಿ, ಅಕ್ಷರ 24 ಪಾಯಿಂಟ್‌ಗಿಂತ ಸಣ್ಣದಾಗದಿರಲಿ; ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಕ್ಕೆ ಇಳಿಯುವುದರಿಂದ ಸಾಲುಗಳ ನಡುವೆ ಜಾಗ ಹೆಚ್ಚು ಬಿಡಿ. ಬರೆದದ್ದನ್ನು ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ಕೈಲಿ ಗಟ್ಟಿಯಾಗಿ ಓದಿಸಿ, ಅವಳು ತಡವರಿಸಿದ ಕಡೆಯೆಲ್ಲ ಬರಹ ತಿದ್ದಿ. ‘ಅಸ್ಮಿತೆ’, ‘ಪರಿಪ್ರೇಕ್ಷ್ಯ’ ಇತ್ಯಾದಿಗಳು ಹೀಗೇ ಉದುರುತ್ತವೆ.

ಮುದ್ರಣಕ್ಕೆ ಹದಿನೈದು ದಿನ ಮುಂಚೆ ಕೊಡಿ. ಜೋಡಣೆಗೆ ಐದು ದಿನ, ಬೆಳಕಿಗೆ ಒಂದು ದಿನ, ಆಮೇಲೆ ಏನೂ ಇಲ್ಲದ ಒಂದು ದಿನ. ಆ ಖಾಲಿ ದಿನ ಹೇಗೂ ತುಂಬಿಕೊಳ್ಳುತ್ತದೆ.

ಸಭಾ ಕಾರ್ಯಕ್ರಮ ನಲವತ್ತು ನಿಮಿಷದ ಒಳಗೆ. ವೇದಿಕೆಯಲ್ಲಿ ಕೃತಿ ಮಾಡಿದವರು ಕೂರಲಿ, ಗಣ್ಯರು ಮುಂದಿನ ಸಾಲಿನಲ್ಲಿ. ದೀಪ ಬೆಳಗುವುದು ಜಗಲಿಯಲ್ಲಿ. ಹಾಲ್ ಒಳಗೆ ಎಣ್ಣೆ, ಮಸಿ ಬೇಡ. ಅವಲಕ್ಕಿ, ಕಷಾಯವೂ ಹೊರಗೇ.

ಪ್ರದರ್ಶನ ತೋರಿಸಲು ಊರಿನ ಆರು ಯುವಕ ಯುವತಿಯರಿಗೆ ನಾಲ್ಕು ದಿನ ತರಬೇತಿ ಕೊಡಿ, ದಿನದ ಲೆಕ್ಕದಲ್ಲಿ ಸಂಬಳ ಕೊಡಿ. ಕೃತಿಯ ಅರ್ಥ ಬಾಯಿಪಾಠ ಮಾಡಿಸಬೇಡಿ. ಯಾವುದರಿಂದ ಮಾಡಿದ್ದು, ಹೇಗೆ ಮಾಡಿದ್ದು, ಎಷ್ಟು ದಿನ ಹಿಡಿಯಿತು ಎಂಬುದು ಸರಿಯಾಗಿ ಗೊತ್ತಿದ್ದರೆ ಮಾತು ತಾನಾಗಿ ಬೆಳೆಯುತ್ತದೆ. ಶಾಲೆಯ ಗುಂಪು ಒಂದು ಸಲಕ್ಕೆ 25 ಮಕ್ಕಳು, 45 ನಿಮಿಷ. ಬಂದವರ ಸಂಖ್ಯೆಯ ಜೊತೆ ಯಾವ ಹೋಬಳಿಯಿಂದ ಬಂದರು, ಎರಡನೇ ಸಲವೇ ಎಂಬುದನ್ನೂ ಬರೆದುಕೊಳ್ಳಿ. ಯಾವ ಹೋಬಳಿಯ ಕಾಲಂ ಖಾಲಿ ಉಳಿಯಿತೋ ಮುಂದಿನ ಸಮಿತಿಯ ಒಬ್ಬ ಸದಸ್ಯರು ಅಲ್ಲಿಂದ ಬರಲಿ.

ವಾಪಸು ಒಯ್ಯುವ ದಿನ ಹೋಗುವಾಗ ತೆಗೆದ ಫೋಟೊಗಳನ್ನು ಜೊತೆಗಿಟ್ಟುಕೊಂಡು, ಮನೆಯವರ ಎದುರೇ ವಸ್ತು ಬಿಚ್ಚಿ, ಹೊಸ ಗೀರು ಇದ್ದರೆ ನೀವೇ ಮೊದಲು ತೋರಿಸಿ. ಡ್ರೈವರ್ ಕೈಲಿ ಕೊಟ್ಟು ಕಳಿಸಬೇಡಿ, ಕ್ಯುರೇಟರೇ ಹೋಗಬೇಕು. ಉಳಿದ ಅರ್ಧ ಹಣ, ಪ್ರದರ್ಶನದಲ್ಲಿ ಆ ವಸ್ತು ಇದ್ದ ಜಾಗದ ಒಂದು ದೊಡ್ಡ ಫೋಟೊ, ರೆಕಾರ್ಡಿಂಗ್ ಮಾಡಿದ್ದರೆ ಅದರ ಪ್ರತಿ ಅದೇ ದಿನ ಕೊಟ್ಟು, ಒಡಂಬಡಿಕೆಯ ಎರಡೂ ಪ್ರತಿಗಳಲ್ಲಿ ‘ಮುಟ್ಟಿದೆ’ ಎಂದು ಸಹಿ ಮಾಡಿಸಿಕೊಳ್ಳಿ. ಸಮಿತಿಗೆ ಲೆಕ್ಕ ಒಪ್ಪಿಸಲು ಅಲ್ಲಿಂದ ಹದಿನೈದು ದಿನ.